ಭಟ್ಟಿಗೊಂದು ಹೊಗೆಗೂಡು

ನಮ್ಮ ಓಣಿಯಲ್ಲಿ ಬಿಳಿ ಬಟ್ಟೆ ಒಣಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ನಮ್ಮದು ಕೊನೆಯ ಭಟ್ಟಿ. ಬೆಳಿಗ್ಗೆ ಹಗ್ಗಕ್ಕೆ ಹಾಕಿದ ಪಂಚೆ ಮಧ್ಯಾಹ್ನ ಮಿಲ್ಲಿನ ಸೀಟಿ ಕೂಗುವಷ್ಟರಲ್ಲಿ ಮಸಿಬಟ್ಟೆ ಆಗಿರುತ್ತಿತ್ತು.

ಎದುರುಮನೆಯ ಅಮೀನಾಬೀ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. "ಏನವ್ವಾ ಕಾಟಮ್ಮ, ನಿಮ್ಮ ಭಟ್ಟಿ ಮ್ಯಾಲೆ ಬೆಳ್ಳಕ್ಕಿ ಹಾರಿದ್ರೂ ಕಾಗೆ ಆಗಿ ಇಳೀತೈತೆ! ನನ್ನ ಮಗಳು ಹೆರಿಗೆಗೆ ಬಂದಾಳೆ, ಸ್ವಲ್ಪ ನೋಡಿ ಉರಿ ಹಾಕ್ರಿ."

ನಮ್ಮವ್ವ ಕಾಟಮ್ಮ ಸುಮ್ಮನಿರುವವಳಲ್ಲ. "ಮಂಡಕ್ಕಿ ಬೆಳ್ಳಗೇ ಇರ್ತೈತಲ್ಲ, ಅದನ್ನ ತಿನ್ನೋವಾಗ ಮಾತಾಡಲ್ಲ ನೀನು!"

ಭಟ್ಟಿ ನಡೆಸುವವನು ನಮ್ಮಣ್ಣ ಮಾರಣ್ಣ. ಅತ್ತಿಗೆ ಉಚ್ಚೆಂಗೆಮ್ಮ ಉರಿ ಹಾಕುತ್ತಾಳೆ. ಅಣ್ಣ ಕಾದ ಮರಳಿನಲ್ಲಿ ಅಕ್ಕಿ ಹುರಿದು ಅರಳಿಸುತ್ತಾನೆ. ನಾನು ಜರಡಿ ಹಿಡಿಯುತ್ತೇನೆ.

ನಮ್ಮ ಭಟ್ಟಿಯವರಿಗೆ ಒಂದು ನಂಬಿಕೆ. ಗಾಳಿ ಬಿದ್ದರೆ ಮರಳು ಆರುತ್ತದೆ, ಹೊಗೆಯ ಜೊತೆ ಕಾವೂ ಹೊರಗೆ ಹೋಗುತ್ತದೆ, ಅಕ್ಕಿ ಅರಳುವುದಿಲ್ಲ ಎಂದು. ಅದಕ್ಕೇ ಗೋಡೆಯ ಗವಾಕ್ಷಿಗೆ ಗೋಣಿಚೀಲ ತುರುಕಿರುತ್ತಾರೆ. ನಮ್ಮ ಗವಾಕ್ಷಿಯ ಚೀಲ ಅಪ್ಪನ ಕಾಲದ್ದು. ಯಾರೂ ಅದನ್ನು ಮುಟ್ಟಿದ್ದಿಲ್ಲ.

ಅದು ಸಾಲದು ಎಂದು ಅಣ್ಣ ಈ ವರ್ಷ ಇನ್ನೊಂದು ತಪ್ಪು ಮಾಡಿದ. ಭತ್ತದ ಹೊಟ್ಟು ಸರಿಯಾಗಿ ಸಿಗದಿದ್ದಾಗ ಲಾರಿಯ ಹಳೇ ಟೈರು ಕಡಿದು ಉರಿಗೆ ಹಾಕತೊಡಗಿದ. ಟೈರು ಗಪ್ಪನೆ ಹೊತ್ತುತ್ತದೆ. ಅದರ ಹೊಗೆ ಮಾತ್ರ ಕಂಬಳಿಯಷ್ಟು ದಪ್ಪ, ಕಂಬಳಿಯಷ್ಟೇ ಕಪ್ಪು.

ಅದೇ ಕೋಣೆಯ ಮೂಲೆಯಲ್ಲಿ ಸೀರೆಯ ಜೋಲಿ ಕಟ್ಟಿತ್ತು. ಅದರಲ್ಲಿ ಅತ್ತಿಗೆಯ ಐದು ತಿಂಗಳ ಹೆಣ್ಣುಕೂಸು. ಉರಿ ಹಾಕುವವಳು ಕೂಸನ್ನು ಇನ್ನೆಲ್ಲಿ ಮಲಗಿಸಬೇಕು? ಕೂಸು ಹಗಲೆಲ್ಲ ಕೆಮ್ಮುತ್ತಿತ್ತು.

ಒಂದು ಮಧ್ಯಾಹ್ನ ಕೆಮ್ಮು ನಿಂತಿತು. ಸದ್ಯ ಮಲಗಿತಲ್ಲ ಎಂದು ಎಲ್ಲರೂ ಅಂದುಕೊಂಡರು. ನಾನು ಜೋಲಿ ಸರಿಸಿ ನೋಡಿದೆ. ಕೂಸಿನ ತುಟಿ ನೇರಳೆಹಣ್ಣು ತಿಂದ ಹಾಗೆ ಆಗಿತ್ತು.

ಜಟಕಾದಲ್ಲಿ ಆಸ್ಪತ್ರೆಗೆ ಓಡಿದೆವು. ಐದು ದಿನ ಇಟ್ಟುಕೊಂಡರು. ಕೂಸು ಉಳಿಯಿತು. ಆದರೆ ಡಾಕ್ಟರು ಅತ್ತಿಗೆಯ ಮುಖ ನೋಡಿ ಹೇಳಿದರು: "ಈ ಕೂಸು ಮತ್ತೆ ಹೊಗೆ ಕುಡಿದರೆ ಇಲ್ಲಿಗೆ ತರುವಷ್ಟು ಹೊತ್ತೂ ಇರೋದಿಲ್ಲ ತಾಯಿ."

ಕೂಸನ್ನು ಮನೆಗೆ ತಂದ ಮರುದಿನ ಆಸ್ಪತ್ರೆಯ ನರ್ಸಮ್ಮ ಶಾಂತಕುಮಾರಿ ಮನೆಗೇ ಬಂದರು. ಭಟ್ಟಿ ಕೋಣೆಯ ಗೋಡೆಗೆ ಬೆರಳು ಸವರಿದರು. ಬೆರಳಿಗೆ ಕಾಡಿಗೆ ಹಚ್ಚಿದಂತೆ ಮಸಿ ಹತ್ತಿತು.

"ನೋಡ್ರಿ ಮಾರಣ್ಣ, ಗೋಡೆಗೆ ಹತ್ತಿದ್ದು ಕಣ್ಣಿಗೆ ಕಾಣ್ತೈತೆ. ಕೂಸಿನ ಎದಿಗೆ ಹತ್ತಿದ್ದು ಕಾಣಲ್ಲ. ಟೈರಿನ ಹೊಗೆ ಅಂತೂ ವಿಷಾನೇ."

ಅವ್ವ ಮೂಲೆಯಿಂದ ಎದ್ದಳು. "ಹೊಗೆ ಏನ್ ಹೊಸದಾ ನರ್ಸಮ್ಮ? ಬಾಣಂತಿಗೆ, ಕೂಸಿಗೆ ಎರೆದ ಮ್ಯಾಲೆ ಲೋಬಾನದ ಹೊಗೆ ಹಾಕಲ್ವಾ ನಾವು? ಹೊಗೆಯಿಂದ ಮೈ ಗಟ್ಟಿ ಆಗ್ತೈತೆ. ಇದೇ ಕ್ವಾಣ್ಯಾಗ ಆರು ಹಡೆದೀನಿ ನಾನು."

"ಆರು ಹಡೆದ್ರಿ. ಎಷ್ಟು ಉಳಿದ್ವು ಅವ್ವಾ?"

ನರ್ಸಮ್ಮ ಮೆತ್ತಗೇ ಕೇಳಿದರು. ಅವ್ವ ತಲೆ ಎತ್ತಿ ನೋಡಿದಳು. ಉತ್ತರ ಎದುರಿಗೇ ನಿಂತಿತ್ತು. ಅಣ್ಣ ಮತ್ತು ನಾನು, ಇಬ್ಬರೇ.

"ಅದು ದೇವರ ಇಚ್ಛೆ" ಎಂದಳು ಅವ್ವ. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

"ಏನೇ ಇರಲಿ, ಭಟ್ಟಿ ಹಚ್ಚದೆ ನಡೆಯಲ್ಲ" ಎಂದ ಅಣ್ಣ. "ಹರಿಹರದ ಸಂತೆಗೆ ಮಂಡಕ್ಕಿ ಚೀಲ ಮುಟ್ಟಿಸಬೇಕು."

"ಭಟ್ಟಿ ಮುಚ್ಚು ಅಂತ ಯಾರು ಅಂದ್ರು?" ಎಂದರು ನರ್ಸಮ್ಮ. "ಹೊಗೆಗೂಡು ಕಟ್ರಿ. ಹರಿಹರದಾಗ ಸಿಕಂದರ್ ಅಂತ ಗೌಂಡಿ ಅದಾನೆ, ಅಲ್ಲಿ ಎರಡು ಭಟ್ಟಿಗೆ ಕಟ್ಟಿಕೊಟ್ಟಾನೆ. ಹೋಗಿ ನೋಡ್ರಿ."

"ಗೂಡು ಕಟ್ಟಿದ್ರೆ ಕಾವೆಲ್ಲ ಅದರಾಗೇ ಹೋಗ್ತೈತೆ. ಮಂಡಕ್ಕಿ ಬದಲು ಬರೀ ಅಕ್ಕಿ ಮಾರಬೇಕಾಗ್ತೈತೆ" ಎಂದು ಅಣ್ಣ ನಕ್ಕ.

ಅತ್ತಿಗೆ ಏಣಿ ಹತ್ತಿ, ಗವಾಕ್ಷಿಯ ಗೋಣಿಚೀಲವನ್ನು ಎರಡೂ ಕೈಯಿಂದ ಎಳೆದು ಕಿತ್ತಳು. ವರ್ಷಗಟ್ಟಲೆಯ ಮಸಿ ಅವಳ ತಲೆಯ ಮೇಲೆ ಸುರಿಯಿತು. ಇಳಿದು ಬಂದು, ಅದೇ ಚೀಲವನ್ನು ಭಟ್ಟಿಯ ಬಾಯಿಗೆ ಅಡ್ಡ ಹಾಸಿ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಹೊಗೆಗೂಡು ಆಗೋತನಕ ಈ ಒಲಿಗೆ ನಾನು ಕಡ್ಡಿ ಗೀರಲ್ಲ. ಯಾರಿಗೂ ಗೀರಾಕೆ ಬಿಡಲ್ಲ."

"ಏಳು, ಸುಮ್ನೆ ಹಟ ಮಾಡಬ್ಯಾಡ" ಎಂದ ಅಣ್ಣ.

"ನನ್ನ ದಾಟಿ ಹಚ್ಚು."

ಅಣ್ಣ ನನ್ನ ಕಡೆ ನೋಡಿದ. ನಾನು ಜರಡಿಯನ್ನು ಗೋಡೆಗೆ ಒರಗಿಸಿ ಅತ್ತಿಗೆಯ ಪಕ್ಕದಲ್ಲಿ ಕೂತೆ. ಅವ್ವ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ.

ಎರಡು ದಿನ ಭಟ್ಟಿ ಉರಿಯಲಿಲ್ಲ. ಮೂರನೇ ದಿನ, ಮಂಡಕ್ಕಿ ಚೀಲ ತಡವಾಗುತ್ತದೆ ಎಂದು ವ್ಯಾಪಾರಿಗೆ ಹೇಳಲು ಅಣ್ಣ ಹರಿಹರಕ್ಕೆ ಹೋದ. ಸಂಜೆ ಬರುವಾಗ ಜೊತೆಯಲ್ಲಿ ಸಿಕಂದರ್ ಇದ್ದ.

"ಎರಡೂ ಭಟ್ಟಿ ನೋಡಿಬಂದೆ. ಅಲ್ಲಿ ಅಕ್ಕಿ ಅರಳ್ತೈತೆ, ನಿಜ. ಹೆಂಗೆ ಅಂತ ಮಾತ್ರ ತಿಳೀಲಿಲ್ಲ" ಎಂದ ಅಣ್ಣ.

ಸಿಕಂದರ್ ಕೋಣೆಯನ್ನೆಲ್ಲ ಕಣ್ಣಾಡಿಸಿದ. "ಒಂದು ಕಂದೀಲು ಕೊಡು ತಂಗಿ" ಎಂದ. ಕಂದೀಲು ಒರೆಸುವುದು ದಿನಾ ನನ್ನ ಕೆಲಸ. ತಂದುಕೊಟ್ಟೆ. ಅವನು ಬತ್ತಿ ಹಚ್ಚಿ, ಗಾಜು ಹಾಕದೆ ಹಾಗೇ ಹಿಡಿದ. ಉರಿ ಕೆಂಪಗೆ ತೂಗಾಡಿತು, ಕಪ್ಪು ಹೊಗೆ ಎದ್ದಿತು. ಗಾಜು ಇಳಿಸಿದ. ಉರಿ ನೆಟ್ಟಗೆ ನಿಂತು ಬೆಳ್ಳಗಾಯಿತು. ಹೊಗೆ ಇಲ್ಲ.

"ಬತ್ತಿ ಅದೇ, ಎಣ್ಣೆ ಅದೇ. ಏನು ಬದಲಾಯ್ತು ಮಾರಣ್ಣ?"

"ಗಾಜು..."

"ಗಾಜು ಅಂದ್ರೆ ಕಂದೀಲಿನ ಹೊಗೆಗೂಡು. ಬಿಸಿ ಗಾಳಿ ಮ್ಯಾಲೆ ಹೋಗ್ತೈತೆ, ಕೆಳಗಿಂದ ಹೊಸ ಗಾಳಿ ಬರ್ತೈತೆ. ಗಾಳಿ ಸಿಕ್ಕ ಬೆಂಕಿ ಉರೀತೈತೆ, ಸಿಗದ ಬೆಂಕಿ ಹೊಗೀತೈತೆ. ನೀವು ಚೀಲ ತುರುಕಿ ಕಾವು ಉಳಿಸಲಿಲ್ಲ, ಬೆಂಕಿ ಕುತ್ತಿಗೆ ಹಿಚುಕಿದ್ರಿ. ನಿಮ್ಮೂರ ಮಿಲ್ಲಿನವರು ಅಷ್ಟೆತ್ತರ ಚಿಮಣಿ ಕಟ್ಟಿರೋದು ಶೋಕಿಗಾ?"

ಅಣ್ಣ ತನ್ನ ಕೈಯಿಂದಲೇ ಗಾಜು ತೆಗೆದು ನೋಡಿದ, ಹಾಕಿ ನೋಡಿದ. ನಾಲ್ಕು ಸಲ ಹಾಗೆ ಮಾಡಿದ. ನಂತರ, "ಇಟ್ಟಿಗೆ ಎಷ್ಟು ಬೇಕು?" ಎಂದ.

ನಾಲ್ಕು ದಿನದಲ್ಲಿ ಹೊಗೆಗೂಡು ಎದ್ದಿತು, ಹಂಚಿನ ಮೇಲೆ ಒಂದಾಳು ಎತ್ತರ. ನಾವೇ ಮಣ್ಣು ಕಲಸಿದೆವು, ಇಟ್ಟಿಗೆ ಹೊತ್ತೆವು. ಮಲಗುವ ಜಾಗಕ್ಕೂ ಭಟ್ಟಿಗೂ ನಡುವೆ ಒಂದು ಗೋಡೆ ಬಂತು. ಕೂಸಿನ ಜೋಲಿ ಗೋಡೆಯ ಆಚೆ ಹೋಯಿತು.

ಐದನೇ ದಿನ ಅತ್ತಿಗೆ ಕಡ್ಡಿ ಗೀರಿದಳು. ಹೊಟ್ಟು ಹಿಡಿದು ಉರಿಯಿತು. ಅಣ್ಣ ಅಕ್ಕಿ ಸುರಿದ. ಪಟಪಟ ಎಂದು ಬಾಣಲೆ ತುಂಬ ಅರಳಿತು. ಅವ್ವ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಎಲ್ಲರನ್ನೂ ಕಾಯಿಸಿ ಕಾಯಿಸಿ ಅಗಿದಳು.

"ಗರಿಗರಿ ಐತೆ" ಎಂದಳು, ಸೋತವಳಂತೆ ಅಲ್ಲ, ತಾನೇ ಹುರಿದವಳಂತೆ.

ಅಣ್ಣನಿಗೆ ಹುರುಪು ಬಂತು. ಮೂಲೆಯಲ್ಲಿ ಉಳಿದಿದ್ದ ಟೈರಿನ ತುಂಡುಗಳನ್ನು ಎಳೆದುಕೊಂಡು ಬಂದ. "ಈಗ ಗೂಡು ಐತಲ್ಲ, ಇವನ್ನೂ ಮುಗಿಸಿಬಿಡಾಣ. ಹೊಗೆ ಹೆಂಗೂ ಹೊರಗ ಹೋಗ್ತೈತೆ."

ಅತ್ತಿಗೆ ಬಾಯಿ ತೆರೆಯುವ ಮೊದಲೇ ಅವ್ವ ಅಣ್ಣನ ಕೈ ಹಿಡಿದಳು. ಅದೇ ಹೊತ್ತಿಗೆ ಎದುರುಮನೆಯಲ್ಲಿ ಅಮೀನಾಬೀಯ ಮೊಮ್ಮಗು ಅಳುತ್ತಿತ್ತು. ಹುಟ್ಟಿ ಎಂಟು ದಿನವಾಗಿತ್ತು.

"ಹೊರಗ ಅಂದ್ರೆ ಎಲ್ಲಿ ಮಗಾ?" ಎಂದಳು ಅವ್ವ. "ಅಲ್ಲೂ ಒಂದು ತೊಟ್ಟಿಲು ಐತೆ. ನಾಕು ಮಕ್ಕಳನ್ನ ಮಣ್ಣಿಗೆ ಇಟ್ಟೀನಿ ನಾನು. ಇನ್ನೊಬ್ಬ ತಾಯಿಗೆ ಆ ಸಂಕಟ ಬ್ಯಾಡ."

ಅಣ್ಣ ಟೈರಿನ ತುಂಡುಗಳನ್ನು ಭಟ್ಟಿಯಿಂದ ದೂರ ಒಯ್ದು ಬಾವಿಕಟ್ಟೆಯ ಸುತ್ತ ಅರ್ಧ ಮಣ್ಣಿಗೆ ಹೂಳಿದ. ಈಗ ಹೆಂಗಸರು ಕೊಡ ಇಳಿಸಲು ಅವುಗಳ ಮೇಲೆ ಕಾಲಿಡುತ್ತಾರೆ, ಜಾರುವುದಿಲ್ಲ. ಕೂಸಿಗೆ ಎರಡು ಹಲ್ಲು ಬಂದಿವೆ.

ಭಟ್ಟಿ ಹಚ್ಚುವ ಅಣ್ಣಂದಿರೇ, ಒಲೆ ಊದುವ ಅಕ್ಕತಂಗಿಯರೇ, ನಾಳೆ ಕಡ್ಡಿ ಗೀರುವ ಮೊದಲು ಒಮ್ಮೆ ತಲೆ ಎತ್ತಿ ನಿಮ್ಮ ಗವಾಕ್ಷಿ ನೋಡಿ. ಚೀಲ ತುರುಕಿದ್ದರೆ ಇವತ್ತೇ ಕಿತ್ತು ಹಾಕಿ. ಹಂಚಿಗಿಂತ ಎತ್ತರಕ್ಕೆ ಹೊಗೆಗೂಡು ಕಟ್ಟಿಸಿ, ಅದರ ಮಸಿಯನ್ನು ತಿಂಗಳಿಗೊಮ್ಮೆ ತೆಗೆಯಿರಿ. ಒಣಗಿದ ಹೊಟ್ಟು, ಶೇಂಗಾ ಸಿಪ್ಪೆ ಉರಿಸಿ. ಟೈರು, ರಬ್ಬರು ಮಾತ್ರ ಬೇಡವೇ ಬೇಡ. ಕೂಸಿನ ಜೋಲಿಯನ್ನು ಉರಿಯ ಕೋಣೆಯಲ್ಲಿ ಕಟ್ಟಬೇಡಿ. ನಂಬಿಕೆ ಬಾರದಿದ್ದರೆ ಮನೆಯ ಕಂದೀಲು ಹಚ್ಚಿ, ಗಾಜು ತೆಗೆದು ನೋಡಿ, ಹಾಕಿ ನೋಡಿ. ಹೊಗೆ ನಿಮ್ಮ ಮನೆಯಿಂದ ಹೊರಟರೂ ಯಾರದೋ ತೊಟ್ಟಿಲಿನ ಮೇಲೆಯೇ ಇಳಿಯುತ್ತದೆ. ಅದನ್ನು ನೆನಪಿಟ್ಟುಕೊಂಡು ಬೆಂಕಿ ಹಚ್ಚಿ.