ಪಕ್ಕದ ಫ್ಲ್ಯಾಟಿನ ಘಾಟು

ಕನ್ಸಲ್ಟೆಂಟುಗಳ ಪಟ್ಟಿಯಲ್ಲಿ ಹಯವದನನ ಹೆಸರು ಕಂಡ ದಿನ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಗಂಡ ಸತೀಶನಿಗೆ ಹಾಗೇ ಹೇಳಿದೆ. ಮುಖ ಊದಿಸಿಕೊಂಡ. ಊದಿಸಿಕೊಳ್ಳಲಿ, ಇದ್ದದ್ದು ಇದ್ದ ಹಾಗೆ ಹೇಳುವುದಕ್ಕೆ ನನಗೇನು ಭಯ?

ಅದು ೨೦೧೦ರ ಮಾರ್ಚ್. ಆರ್ಥಿಕ ಕುಸಿತದಿಂದ ಶಿಕಾಗೋದಲ್ಲಿ ಅರ್ಧಕ್ಕೆ ನಿಂತ ಕಟ್ಟಡಗಳ ಮೇಲೆ ಕ್ರೇನುಗಳು ಸುಮ್ಮನೆ ನಿಂತಿದ್ದವು. ಅಂಥದ್ದರಲ್ಲಿ ನನ್ನ ಬಾಸ್ ಮಿಸೆಸ್ ಕೊವಾಲ್‌ಸ್ಕಿ ಮೂವತ್ತೊಂದು ಮಹಡಿಯ ಬಾಡಿಗೆ ಫ್ಲ್ಯಾಟುಗಳನ್ನು ಕಟ್ಟಲು ಹೊರಟಿದ್ದರು. ಗಟ್ಟಿಗಿತ್ತಿ. ಸಾಲ ಕೊಡುವ ಬ್ಯಾಂಕು ಹಸಿರು ಕಟ್ಟಡದ ಸರ್ಟಿಫಿಕೇಟ್ ಬೇಕೆಂದಿತ್ತು. ಯಾವ ಪದ್ಧತಿಯದು ಎಂಬುದನ್ನು ನಮಗೇ ಬಿಟ್ಟಿತ್ತು. ಲೀಡ್ ಎಂಬ ಹೆಸರುವಾಸಿಯಾದ, ಕಟ್ಟುನಿಟ್ಟಿನ ಪದ್ಧತಿ ಒಂದು. ಅದಕ್ಕಿಂತ ಅಗ್ಗದ, ಕಾಗದಪತ್ರದಲ್ಲೇ ಮುಗಿದುಹೋಗುವ ಪದ್ಧತಿ ಇನ್ನೊಂದು. ಕನ್ಸಲ್ಟೆಂಟುಗಳನ್ನು ಕರೆಸಿ, ಅವರ ಮಾತು ಕೇಳಿ, ಯಾವುದು ಸರಿ ಎಂದು ಹೇಳುವ ಕೆಲಸ ಎಂಜಿನಿಯರ್ ಆದ ನನ್ನದು.

ಹಯವದನ ಯಾರೆಂದು ಹೇಳಿಬಿಡುತ್ತೇನೆ. ಮೈಸೂರಿನವನು. ಡೆಟ್ರಾಯಿಟ್ ಕಡೆಯ ಆಫೀಸಿನಲ್ಲಿ ಆರು ವರ್ಷ ನನ್ನ ಮ್ಯಾನೇಜರ್. ಎದುರಿಗೆ ಈಗಲೂ ಬಹುವಚನ, ಮನಸ್ಸಿನಲ್ಲಿ ಏಕವಚನ. ಎರಡು ವರ್ಷದ ಹಿಂದೆ, ನಾವೆಲ್ಲ ಇದ್ದ ಕ್ಯಾಂಟನ್‌ನಲ್ಲಿ ಮನೆಗಳ ಬೆಲೆ ಬಿದ್ದಾಗ ಅವನನ್ನೇ ಕೇಳಿದ್ದೆ. "ಅಣ್ಣ, ಮನೆ ತಗೊಳ್ಳೋಣ ಅಂತಿದೀವಿ. ನನ್ನ ಕೆಲಸ ಗಟ್ಟಿ ಇರುತ್ತಾ?"

"ಧೈರ್ಯವಾಗಿ ತಗೊಳ್ಳಮ್ಮ. ನಾನಿಲ್ವಾ?" ಅಂದ.

ಶುಕ್ರವಾರ ಸಹಿ ಹಾಕಿದೆವು, ಶನಿವಾರ ಗೃಹಪ್ರವೇಶ. ಹಾಲು ಉಕ್ಕಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಅವನೇ. ಹೆಂಡತಿ ಪ್ರಭಕ್ಕನ ಪಕ್ಕದಲ್ಲಿ ಕೂತು ಎರಡು ಸಲ ಹೋಳಿಗೆ ಹಾಕಿಸಿಕೊಂಡ, ಮೇಲೆ ತುಪ್ಪ ಬೇರೆ. ಸೋಮವಾರ ಬೆಳಿಗ್ಗೆ ಕರೆದು, ನಿನಗೆ ಕೆಲಸ ಇಲ್ಲ ಅಂದ. ತೆಗೆಯಬೇಕಾದವರ ಪಟ್ಟಿ ಮಾಡಿದವನು ಅವನೇ, ಅದರ ಮೇಲಿದ್ದ ತಾರೀಖು ಮೂರು ವಾರ ಹಿಂದಿನದು. ಥೂ! ಗೊತ್ತಿದ್ದೂ ಗೊತ್ತಿದ್ದೂ ನನ್ನ ಮನೆಯಲ್ಲಿ ಕೂತು ಉಂಡು ಹೋದನಲ್ಲ! ಎಂಟು ತಿಂಗಳಿಗೆ ಮನೆ ಬ್ಯಾಂಕಿನ ಪಾಲಾಯಿತು. ಸತೀಶನಿಗೆ ಶಿಕಾಗೋ ಹತ್ತಿರದ ಲಿಸ್ಲ್‌ನಲ್ಲಿ ಕೆಲಸ ಸಿಕ್ಕಿತು, ನಾವು ಬೋಲಿಂಗ್‌ಬ್ರೂಕ್‌ನ ಬಾಡಿಗೆ ಮನೆ ಸೇರಿದೆವು.

ಮೀಟಿಂಗಿನ ಹಿಂದಿನ ಭಾನುವಾರ ಪ್ರಭಕ್ಕ ಫೋನ್ ಮಾಡಿದಳು. "ಇಂದು, ಇವರ ಆಫೀಸ್ ಮುಚ್ಚಿಬಿಟ್ರು ಕಣೆ. ಬೇಸ್‌ಮೆಂಟಲ್ಲಿ ಒಬ್ರೇ ಕೂತ್ಕೊಂಡು ಕನ್ಸಲ್ಟಿಂಗ್ ಮಾಡ್ತಿದಾರೆ. ಸದ್ಯಕ್ಕೆ ನಿಮ್ಮ ಪ್ರಾಜೆಕ್ಟ್ ಒಂದೇ ಕೈಗೆ ಸಿಗೋ ಹಾಗಿರೋದು. ಇದೂ ಹೋದ್ರೆ ಮನೆ ಉಳಿಸ್ಕೊಳ್ಳೋಕಾಗಲ್ಲ. ಸ್ವಲ್ಪ ನೋಡಮ್ಮ."

"ನೋಡ್ತೀನಿ ಅಕ್ಕ," ಅಂದೆ. ನೋಡೇ ನೋಡುತ್ತೇನೆ ಎಂದು ಹಲ್ಲು ಕಚ್ಚಿದೆ.

"ಇಂದುಮತಿ, ಇನ್ನೂ ಎಷ್ಟು ದಿನ ಕುದೀತಾ ಇರ್ತೀಯೆ?" ಅಂದ ಸತೀಶ.

"ನೀನು ಸುಮ್ನಿರು," ಅಂದೆ.

ಬುಧವಾರ ಹಯವದನ ಕ್ಯಾಂಟನ್‌ನಿಂದ ಡ್ರೈವ್ ಮಾಡಿಕೊಂಡು ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ನಕ್ಕ, ನಾನೂ ನಕ್ಕೆ. ಅಗ್ಗದ ಪದ್ಧತಿಯೇ ಸಾಕು ಎಂಬುದು ಅವನ ವಾದ. ಎತ್ತರದ ವಸತಿ ಕಟ್ಟಡಕ್ಕೆ ಲೀಡ್ ಬೇಕೆಂದರೆ ಒಂದು ಫ್ಲ್ಯಾಟಿನ ಹೊಗೆ ಪಕ್ಕದ್ದಕ್ಕೆ ನುಗ್ಗಬಾರದು. ಬಾಗಿಲಿಗೆ ದೊಡ್ಡ ಫ್ಯಾನು ಕಟ್ಟಿ, ಗಾಳಿ ಎಷ್ಟು ಸೋರುತ್ತದೆಂದು ಅಳೆದು ತೋರಿಸಬೇಕು. ಆ ತಾಪತ್ರಯ ಈ ಕಾಲದಲ್ಲಿ ಯಾಕೆ? ಗೋಡೆಗಳ ಡ್ರಾಯಿಂಗ್ ಚೆನ್ನಾಗಿದ್ದರೆ ಆಯಿತು. ಇದೇ ಊರಿನಲ್ಲಿ ತಾನು ಹಾಗೆ ಸರ್ಟಿಫಿಕೇಟ್ ಕೊಡಿಸಿದ ಟವರ್ ಒಂದಿದೆ, ಬೇಕಾದರೆ ನೋಡಿ ಎಂದ.

ಇಷ್ಟು ಹೊತ್ತು ನಾನು ಕಾಯುತ್ತಿದ್ದುದು ಈ ಮಾತಿಗೇ. ಆ ಟವರಿನ ಒಂಬತ್ತನೇ ಮಹಡಿಯಲ್ಲಿ ನನ್ನ ಗೆಳತಿ ರೇಣು ಇದ್ದಳು. ಅವಳ ಪಕ್ಕದ ಫ್ಲ್ಯಾಟು ಖಾಲಿ ಇರುವುದೂ ನನಗೆ ಗೊತ್ತಿತ್ತು. "ಇವತ್ತೇ ಹೋಗಿ ನೋಡೋಣ," ಎಂದು ಮಿಸೆಸ್ ಕೊವಾಲ್‌ಸ್ಕಿಯನ್ನು ಹೊರಡಿಸಿ, ಬಾಣಲೆ ಕಾಯಿಸಿಡು ಎಂದು ರೇಣುವಿಗೆ ಗುಟ್ಟಾಗಿ ಫೋನ್ ಮಾಡಿದೆ.

ಅವರಿಬ್ಬರೂ ಖಾಲಿ ಫ್ಲ್ಯಾಟಿನೊಳಗೆ ಹೋದರು. ನಾನು ರೇಣುವಿನ ಅಡುಗೆಮನೆಗೆ ನುಗ್ಗಿದೆ.

"ಬಾಣಲೆ ಕಾದಿದೆ," ಅಂದಳು ರೇಣು. "ಎಷ್ಟು ಹಾಕ್ಲಿ?"

"ಗುಂಟೂರು ಮೆಣಸಿನಕಾಯಿ ಎರಡು ಹಿಡಿ ಹಾಕು. ಕೊನೇಲಿ ಇಂಗು. ಕಿಟಕಿ ತೆಗೀಬೇಡ."

"ಅಯ್ಯೋ ಮಾರಾಯ್ತಿ, ಯಾರ ಮೇಲೆ ಇಷ್ಟು ಸಿಟ್ಟು?"

ಮೂಗಿಗೆ ದುಪಟ್ಟಾ ಕಟ್ಟಿಕೊಂಡು ನಾವಿಬ್ಬರೂ ಮೆಣಸಿನಕಾಯಿಯನ್ನು ಕಪ್ಪಾಗುವ ತನಕ ಹುರಿದೆವು. ಐದು ನಿಮಿಷವೂ ಆಗಿರಲಿಲ್ಲ, ಗೋಡೆಯಾಚೆ ಮಿಸೆಸ್ ಕೊವಾಲ್‌ಸ್ಕಿ ಕೆಮ್ಮುವುದು ಕೇಳಿಸಿತು. ನಾನು ಹೊರಗೆ ಓಡಿದೆ. ಅವರು ಕಣ್ಣು ಮೂಗು ಒರೆಸಿಕೊಳ್ಳುತ್ತ ಕಾರಿಡಾರಿಗೆ ಬಂದರು. ಹಿಂದೆಯೇ ಸೀನುತ್ತ ಹಯವದನ. ಅವರಿಗೆ ಅದೆಂಥ ವಾಸನೆಯೆಂದು ತಿಳಿಯದಿದ್ದರೂ ಇವನಿಗೆ ತಿಳಿಯದೆ ಇರುತ್ತದೆಯೇ? ರೇಣುವಿನ ಬಾಗಿಲು ನೋಡಿದ, ನನ್ನ ದುಪಟ್ಟಾ ನೋಡಿದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಪಕ್ಕದ ಮನೆಯವರು ಅಡುಗೆ ಮಾಡಿದರೆ ನನ್ನ ಬಾಡಿಗೆದಾರರು ಹೀಗೆ ಕೆಮ್ಮಬೇಕೇ?" ಆಫೀಸಿಗೆ ಮರಳಿದ ಮೇಲೆ ಮಿಸೆಸ್ ಕೊವಾಲ್‌ಸ್ಕಿ ಮೇಜು ಕುಟ್ಟಿ ಕೇಳಿದರು. "ಲೀಡ್ ಆಗಲಿ. ಪರೀಕ್ಷೆ ಆಗಲೇಬೇಕು."

ಹಯವದನ ಎದ್ದು ನಿಂತ. ಅಗ್ಗದ ದಾರಿ ಹೇಳಿದ್ದು ತನ್ನದೇ ತಪ್ಪು ಎಂದ. ಲೀಡ್ ಕೆಲಸವನ್ನೂ ತನಗೇ ಕೊಡಿ, ಹೇಳಿದ ಫೀಸಿಗೇ ಮಾಡುತ್ತೇನೆ, ಪರೀಕ್ಷೆಗೆ ತಾನೇ ಬಂದು ನಿಲ್ಲುತ್ತೇನೆ ಎಂದ.

ಮಿಸೆಸ್ ಕೊವಾಲ್‌ಸ್ಕಿ ನನ್ನ ಕಡೆ ತಿರುಗಿದರು. "ನೀನು ಇವರ ಕೈಕೆಳಗೆ ಇದ್ದವಳು. ಈ ಪರೀಕ್ಷೆ ಮಾಡಲು ಇವರಿಗೆ ಬರುತ್ತದೆಯೇ?"

ಬರುತ್ತದೆ. ನನಗೆ ಕಲಿಸಿದವನೇ ಅವನು. ಒಂದು ಚಳಿಗಾಲವಿಡೀ ಆನ್ ಆರ್ಬರ್‌ನ ಹಾಸ್ಟೆಲೊಂದರಲ್ಲಿ ನನ್ನ ಪಕ್ಕ ಮೊಣಕಾಲೂರಿ ಕೂತು, ಚೌಕಟ್ಟಿಗೆ ಫ್ಯಾನು ಹೇಗೆ ಕೂರಿಸಬೇಕು, ಸ್ವಿಚ್ ಬೋರ್ಡಿನ ಹಿಂದೆ ಗಾಳಿ ಹೇಗೆ ಕಳ್ಳದಾರಿ ಹಿಡಿಯುತ್ತದೆ ಎಂದು ತೋರಿಸಿಕೊಟ್ಟಿದ್ದ. ನಾನು ಎಷ್ಟು ಸಲ ತಪ್ಪು ಮಾಡಿದರೂ ಒಂದು ಸಲವೂ ರೇಗಿರಲಿಲ್ಲ. ಅವನಷ್ಟು ಚೆನ್ನಾಗಿ ಆ ಕೆಲಸ ಮಾಡುವವರನ್ನು ಇವತ್ತಿನ ತನಕ ನಾನು ಕಂಡಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ, ಇವಳು ಹೇಳುತ್ತಾಳೆ ಎಂಬ ನಂಬಿಕೆಯಿಂದ. ಆ ನಂಬಿಕೆ ಕಂಡೇ ನನಗೆ ಮೈ ಉರಿದುಹೋಯಿತು.

"ಇಲ್ಲ," ಅಂದೆ. "ಇವರಿಗೆ ಬರಲ್ಲ."

ಮಿಸೆಸ್ ಕೊವಾಲ್‌ಸ್ಕಿ ಅವನ ಫೈಲು ಮುಚ್ಚಿ ಪಕ್ಕಕ್ಕೆ ಸರಿಸಿದರು.

ಅವನು ಜಗಳವಾಡಲಿ, ಇವಳು ಸುಳ್ಳಿ ಎಂದು ಕೂಗಾಡಲಿ ಎಂದು ನಾನು ಸೆಟೆದು ಕೂತಿದ್ದೆ. ಉತ್ತರಗಳೂ ಸಿದ್ಧವಾಗಿದ್ದವು. ಅವನು ಕೋಟು ಹಾಕಿಕೊಂಡ, ಬ್ಯಾಗು ತೆಗೆದುಕೊಂಡ. ಬಾಗಿಲ ಹತ್ತಿರ ಹೋದವನು ಕನ್ನಡದಲ್ಲಿ ಅಂದ: "ಇಂದು, ಟೆಸ್ಟ್ ಮಾಡುವಾಗ ಹೊರಗಡೆ ಬಿಡೋ ಪ್ರೆಷರ್ ಅಳೆಯೋ ಟ್ಯೂಬು ಗಾಳಿಗೆ ಸಿಗದ ಹಾಗೆ ನೋಡ್ಕೊಳ್ಳಮ್ಮ. ಇಲ್ಲಿ ಲೇಕ್ ಕಡೆಯಿಂದ ಜೋರಾಗಿ ಬೀಸುತ್ತೆ, ರೀಡಿಂಗ್ ತಪ್ಪು ಬರುತ್ತೆ."

ಹೋದ. ಹಾಳಾದವನು, ಹೋಗುವಾಗಲೂ ಕಲಿಸಿಯೇ ಹೋದ.

"ಏನು ಹೇಳಿದರು?" ಮಿಸೆಸ್ ಕೊವಾಲ್‌ಸ್ಕಿ ಕೇಳಿದರು.

"ಏನಿಲ್ಲ," ಅಂದೆ. "ಬೈದು ಹೋದರು."