ಸರಿಯುತ್ತರದ ಮೇಲೊಂದು ಗೀಟು

ಬರೆದ ಉತ್ತರದ ಮೇಲೆ ಅವನು ಗೀಟು ಎಳೆದ. ಉತ್ತರ ಸರಿಯಾಗಿತ್ತು. ಸ್ವಲ್ಪ ಯೋಚಿಸಿ ಅದರ ನೆತ್ತಿಯ ಮೇಲೆ ತಪ್ಪೊಂದನ್ನು ಬರೆದ. ಪಕ್ಕದಲ್ಲಿದ್ದ ಟ್ಯಾಕ್ಸಿ ಡ್ರೈವರ್ ಕತ್ತು ಉದ್ದ ಮಾಡಿದಾಗ ಮೊಣಕೈ ಅಡ್ಡ ಇಟ್ಟ.

"ಏನ್ ಅಂಕಲ್, ಒಂದೇ ಒಂದು ತೋರಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನನ್ನದು ನೋಡಿ ಬರೆದ್ರೆ ನೀನೂ ಇಲ್ಲೇ ಕೊಳೀತೀಯ. ಸುಮ್ನೆ ನಿಂದು ನೀನು ಬರಿ."

"ನೀವೆಲ್ಲಿ ಕೊಳೀತೀರಿ ಬಿಡಿ, ಫ್ರಿಜ್ಜಲ್ಲಿರೋರು!"

ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಅವನಿಗೆ ಫ್ರಿಜ್ ಅಂಕಲ್ ಎಂದೇ ಹೆಸರು. ಹಗಲೆಲ್ಲ ಅವನಿರುವುದು ಶೈತ್ಯಾಗಾರದಲ್ಲಿ, ಹಣ್ಣಿನ ಪೆಟ್ಟಿಗೆಗಳ ನಡುವೆ. ದಪ್ಪ ಕೋಟು ತೊಟ್ಟು ಒಳಗೆ ಹೋದರೆ ಯಂತ್ರದ ಗುಂಯ್ ಎನ್ನುವ ಸದ್ದೊಂದೇ ಜೊತೆ. ಲಾರಿಯವರು ಬಾಗಿಲಲ್ಲಿ ಪೆಟ್ಟಿಗೆ ಇಳಿಸಿ, ಚಳಿಗೆ ಹೆದರಿ, ಮಾತಿಗೆ ನಿಲ್ಲದೆ ಹೋಗುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನೆಯೂ ಹಾಗೆಯೇ, ಚಳಿಯೊಂದಿಲ್ಲ ಅಷ್ಟೆ. ಕೆಲವು ಸಂಜೆ ಬಾಯಿ ತೆರೆದರೆ ತನ್ನ ದನಿಯೇ ತನಗೆ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು.

ಈ ಕೋಣೆಯಲ್ಲಿ ಮಾತ್ರ, ಪಾಠಕ್ಕೆ ಮೊದಲು, ಮೇಡಂ ಒಬ್ಬೊಬ್ಬರನ್ನೂ ಕೇಳುತ್ತಿದ್ದರು: ಇವತ್ತು ದಿನ ಹೇಗಿತ್ತು? ಇಂಗ್ಲಿಷಿನಲ್ಲೇ ಉತ್ತರಿಸಬೇಕು. ಅದು ಅಭ್ಯಾಸಕ್ಕೆಂದು ಕೇಳುವ ಪ್ರಶ್ನೆ ಎಂಬುದು ಅವನಿಗೂ ಗೊತ್ತಿತ್ತು. ಆದರೂ, ಕೇಳಿದ ಮೇಲೆ, ಅವನು ತಡವರಿಸಿ ಮುಗಿಸುವವರೆಗೆ ಅವರು ಅವನ ಮುಖವನ್ನೇ ನೋಡುತ್ತಿದ್ದರು.

ಪಾಸಾದವರು ಮಹಡಿಗೆ ಹೋಗಬೇಕು. ಅಲ್ಲಿ ಮೇಡಂ ಇಲ್ಲ. ಸಾಲು ಸಾಲು ಗೂಡುಗಳು, ಗೂಡಿಗೊಂದು ಕಂಪ್ಯೂಟರ್, ಕಿವಿಗೆ ಇಯರ್‌ಫೋನ್. ಒಮ್ಮೆ ಅವನು ಮೆಟ್ಟಿಲು ಹತ್ತಿ ಇಣುಕಿದ್ದ. ಹಿಂದೆ ತನ್ನ ಜೊತೆಗೇ ಕಲಿತ ಬ್ಯೂಟಿ ಪಾರ್ಲರಿನ ಹೆಂಗಸು ಗೋಡೆಗೆ ಮುಖ ಮಾಡಿ ಕೂತು ಪರದೆಗೆ ಏನೋ ಹೇಳುತ್ತಿದ್ದಳು. ಇವನು ಕೈಯೆತ್ತಿದ. ಅವಳು ತಿರುಗಲಿಲ್ಲ. ಅಂದಿನಿಂದ ಪ್ರತಿ ಪರೀಕ್ಷೆಯಲ್ಲೂ ಅವನು ಬಹಳ ಜಾಗ್ರತೆಯಿಂದ ಫೇಲಾಗುತ್ತಾ ಬಂದಿದ್ದ.

ಕೊನೆಯ ಪ್ರಶ್ನೆ: 'ರೀವ್ಯಾಲ್ಯೂ' ಎಂಬ ಕ್ರಿಯಾಪದ ಬಳಸಿ ಒಂದು ವಾಕ್ಯ ಬರೆಯಿರಿ. ಮೇಡಂ ಪಾಠದಲ್ಲಿ ಹೇಳಿದ್ದು ನೆನಪಾಯಿತು. "ಒಂದ್ಸಲ ಬೆಲೆ ಕಟ್ಟಿ ಪಕ್ಕಕ್ಕಿಟ್ಟಿರ್ತೀವಲ್ಲ, ಅದನ್ನ ಮತ್ತೆ ತೆಗೆದು ನೋಡಿ ಹೊಸದಾಗಿ ಬೆಲೆ ಕಟ್ಟೋದು." ಅವನು ಬರೆದ. ಬರೆದು, ಚುಕ್ಕಿ ಇಟ್ಟು, ಪೆನ್ನು ಹಿಡಿದೇ ಕೂತುಬಿಟ್ಟ. ಮೇಡಂ ಹಾಳೆ ಎಳೆದುಕೊಂಡಾಗಲೇ ಎಚ್ಚರ.

"ಮೇಡಂ, ಒಂದ್ನಿಮಿಷ, ಅದೊಂದು ಹೊಡೆದು ಹಾಕ್ಬೇಕಿತ್ತು."

"ಟೈಮಾಯ್ತು ಅಂಕಲ್."

ಮರುದಿನ ದಾರಿಯುದ್ದಕ್ಕೂ ಅವನು ಉತ್ತರ ಕಟ್ಟಿಕೊಂಡು ಬಂದ: ಇವತ್ತು ಯಂತ್ರ ಸ್ವಲ್ಪ ಹೊತ್ತು ನಿಂತಿತ್ತು, ನನ್ನ ಉಸಿರು ನನಗೇ ಕೇಳಿಸಿತು. ಆದರೆ ಮೇಡಂ ಅವತ್ತು ದಿನ ಹೇಗಿತ್ತೆಂದು ಯಾರನ್ನೂ ಕೇಳಲಿಲ್ಲ. ಕೈಯಲ್ಲಿ ತಿದ್ದಿದ ಹಾಳೆಗಳಿದ್ದವು.

"ಡ್ರೈವರ್ ಪಾಸು. ಅವರ ವಾಕ್ಯ ಕೇಳಿ. 'ನನ್ನ ಹೆಂಡತಿ ದಿನಾ ಬೆಳಿಗ್ಗೆ ನನಗೆ ಹೊಸದಾಗಿ ಬೆಲೆ ಕಟ್ಟುತ್ತಾಳೆ, ಬೆಲೆ ಇಳಿಯುತ್ತಲೇ ಇದೆ.'"

"ಸೆಕೆಂಡ್ ಹ್ಯಾಂಡ್ ಗಾಡಿಗೆ ಇನ್ನೆಷ್ಟು ಸಿಗುತ್ತೆ ಬಿಡಣ್ಣ," ಎಂದಳು ಮುಂದಿನ ಬೆಂಚಿನ ನರ್ಸು. ಕೋಣೆಯೆಲ್ಲ ನಗು.

ಮೇಡಂ ಇನ್ನೊಂದು ಹಾಳೆ ತೆಗೆದರು. ಯಾರದೆಂದು ಹೇಳಲಿಲ್ಲ. "'ಪಾತ್ರೆ ಕುಕ್ಕಬೇಡ ಎಂದು ಹೆಂಡತಿಗೆ ದಿನಾ ಬೈಯುತ್ತಿದ್ದೆ. ಈಗ ಆ ಸದ್ದಿಗೆ ಹೊಸದಾಗಿ ಬೆಲೆ ಕಟ್ಟಿದ್ದೇನೆ.'"

ಯಾರೂ ನಗಲಿಲ್ಲ. ಡ್ರೈವರ್ ಬೆಂಚಿನ ಮೇಲೆ ತುಸು ಸರಿದು ಅವನ ಹತ್ತಿರ ಕೂತ.

ತರಗತಿಯವರೆಲ್ಲ ಹೋದ ಮೇಲೆ ಮೇಡಂ ಅವನ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು.

"ಎಲ್ಲರೂ ತಪ್ಪು ಹೊಡೆದು ಸರಿ ಬರೀತಾರೆ ಅಂಕಲ್. ಸರಿ ಹೊಡೆದು ತಪ್ಪು ಬರೆದಿರೋದು ನೀವೊಬ್ರೇ. ಯಾಕೆ? ಮೇಲಿನ ಕ್ಲಾಸ್ ಕಷ್ಟ ಅಂತ ಯಾರಾದ್ರೂ ಹೆದರಿಸಿದ್ರಾ?"

"ಇಲ್ಲ ಮೇಡಂ."

"ಗೀಟಿನ ಕೆಳಗಿರೋದನ್ನೇ ಓದಿ ಮತ್ತೆ ತಿದ್ದಿದೆ. ಇಡೀ ಕ್ಲಾಸಿಗೆ ನೀವೇ ಫಸ್ಟು, ಗೊತ್ತಾ?" ಅವರ ದನಿಯಲ್ಲಿ ನಿಜವಾದ ಸಂತೋಷವಿತ್ತು. ಮೇಜಿನ ಡ್ರಾಯರಿನಿಂದ ಹೊಸ ಇಯರ್‌ಫೋನಿನ ಡಬ್ಬಿ ತೆಗೆದು ಅವನ ಮುಂದಿಟ್ಟರು. "ಇದು ನನ್ನ ಕಡೆಯಿಂದ. ಕಿಟಕಿ ಪಕ್ಕದ ಗೂಡು ನಿಮಗೇ ಅಂತ ಹೇಳಿಟ್ಟಿದೀನಿ. ನಾಳೆಯಿಂದ ಮೇಲೆ ಹೋಗಿ."

ಪಾರದರ್ಶಕ ಮುಚ್ಚಳದೊಳಗೆ ಬಿಳಿ ತಂತಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಅವನು ತಲೆಯೆತ್ತಿ ಚಾವಣಿ ನೋಡಿದ. ಮೇಲೆ ಅಷ್ಟೊಂದು ಜನ ಕೂತಿದ್ದರೂ ಒಂದು ಕುರ್ಚಿ ಎಳೆದ ಸದ್ದೂ ಇರಲಿಲ್ಲ.

ಎರಡು ಬೆರಳಿನಿಂದ ಡಬ್ಬಿಯನ್ನು ಮೆಲ್ಲಗೆ ಅವರ ಕಡೆಗೇ ತಳ್ಳಿದ.

"ಬೇಡ ಮೇಡಂ."

"ಅಯ್ಯೋ, ಸಂಕೋಚ ಯಾಕೆ? ಇದು ನೀವೇ ದುಡಿದಿದ್ದು."

"ನಂಗೆ ಬೇಡ," ಎಂದ.