ಆರೂವರೆಯ ಪಂಡಿತ

ನಾರ್ಬರ್ಟ್ ಥೀಲೆನ್‌ಗೆ ಅರವತ್ತೇಳು ವರ್ಷ. ಅದರಲ್ಲಿ ನಲವತ್ತೊಂದನ್ನು ನಲ್ಲಿ ಮಾಡುವ ಕಾರ್ಖಾನೆಯಲ್ಲಿ ಕಳೆದಿದ್ದ. ನಲ್ಲಿಯ ಬಗ್ಗೆ ಕೇಳಿದರೆ ಊಟ ಬಿಟ್ಟು ವಿವರಿಸುತ್ತಿದ್ದ. ಕೇಳುವವರೇ ಇರಲಿಲ್ಲ, ಅದು ಬೇರೆ ಮಾತು. ವಿಸ್ಕಾನ್ಸಿನ್‌ನ ಆ ಸರೋವರದ ದಂಡೆಯ ಊರಿನಲ್ಲಿ ಸಂಜೆಯಾದರೆ ಜನ ರೋಲಿಯ ಬಾರಿಗೆ ಬರುತ್ತಿದ್ದದ್ದು ಟಿವಿಯಲ್ಲಿ ರಸಪ್ರಶ್ನೆ ನೋಡುವುದಕ್ಕೆ. ಆ ಕಾರ್ಯಕ್ರಮಕ್ಕೆ ಉದ್ದನೆಯ ಹೆಸರೊಂದಿತ್ತು, ಬಾರಿನಲ್ಲಿ ಮಾತ್ರ ಅದನ್ನು 'ಆರೂವರೆ' ಎಂದೇ ಕರೆಯುತ್ತಿದ್ದರು.

ಆರೂವರೆಯ ನಿಯಮ ಸ್ವಲ್ಪ ವಕ್ರ. ನಿರೂಪಕ ಸುಳಿವು ಓದುತ್ತಾನೆ, ಸ್ಪರ್ಧಿ ಉತ್ತರವನ್ನು ಪ್ರಶ್ನೆ ಮಾಡಿ ಹೇಳಬೇಕು. ಹಿಮದ ಮೇಲೆ ಹೊಟ್ಟೆಯೂರಿ ಜಾರುವ ಹಕ್ಕಿ ಎಂದು ಸುಳಿವು ಬಂತೆನ್ನಿ, 'ಪೆಂಗ್ವಿನ್' ಎಂದರೆ ನಡೆಯುವುದಿಲ್ಲ. 'ಪೆಂಗ್ವಿನ್ ಅಂದ್ರೇನು?' ಎನ್ನಬೇಕು. ಬಾರಿನಲ್ಲಿ ಕೂತು ಉತ್ತರ ಕೂಗುವವರಿಗೂ ಇದೇ ಕಟ್ಟಳೆ, ಮತ್ತು ಅದರ ಕಾವಲಿಗೆ ಇದ್ದವಳು ಆರ್ಡಿಸ್ ಕುಬಿಯಾಕ್.

ಆರ್ಡಿಸ್ ಊರಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಬ್ರಾಂಡಿಯ ಲೋಟದಲ್ಲಿನ ಚೆರ್ರಿಯನ್ನು ಕಡ್ಡಿಯಿಂದ ತಿರುಗಿಸುತ್ತಾ, ಟಿವಿಯ ಕಡೆ ಪೂರ್ತಿ ನೋಡದೆಯೇ, ಉತ್ತರದ ಮೇಲೆ ಉತ್ತರ ಹೇಳುತ್ತಿದ್ದಳು. ಆರೂವರೆಯ ಪ್ರೇಕ್ಷಕರೆಲ್ಲ ಸೇರಿ ಅಂತರ್ಜಾಲದಲ್ಲಿ ಒಂದು ಚರ್ಚೆಯ ಪುಟ ನಡೆಸುತ್ತಿದ್ದರು. ಯಾವ ಸುಳಿವು ತೀರಾ ಸುಲಭವಾಗಿತ್ತು, ಯಾವ ಸ್ಪರ್ಧಿಗೆ ಬುದ್ಧಿ ನೆಟ್ಟಗಿಲ್ಲ, ನಿರೂಪಕನ ಟೈ ಯಾಕೆ ಹಾಗಿತ್ತು ಎಂದೆಲ್ಲ ಅಲ್ಲಿ ಜಗಳ. ಆರ್ಡಿಸ್ ಅದನ್ನು ಓದಿ ಬಂದು ಮರುದಿನ ಬಾರಿನವರಿಗೆ ವರದಿ ಒಪ್ಪಿಸುತ್ತಿದ್ದಳು.

ನಾರ್ಬರ್ಟ್‌ಗೆ ಆರ್ಡಿಸ್ ಎಂದರೆ ಇಷ್ಟ. ಬರೀ ಇಷ್ಟವಲ್ಲ, ಆಕೆ ನಕ್ಕರೆ ಇವನಿಗೆ ತಾನು ಏನು ಕುಡಿಯುತ್ತಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಒಂದು ಭಾನುವಾರ ಊಟಕ್ಕೆ ಕರೆಯಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದ. ಆದರೆ ಅಷ್ಟು ತಿಳಿದ ಹೆಂಗಸಿನ ಪಕ್ಕ ಏನೂ ತಿಳಿಯದ ಗಂಡಸು ಯಾವ ಮುಖ ಇಟ್ಟುಕೊಂಡು ಕೂರುವುದು? ಹಾಗಾಗಿ ಬಚ್ಚಲಿನ ಬಾಗಿಲ ಬಳಿಯ ಕುರ್ಚಿಯೇ ಅವನ ಪಾಲಿಗೆ ಗಟ್ಟಿಯಾಗಿತ್ತು.

ಹೀಗಿರುವಾಗ ಅವನ ಅಕ್ಕ ಲೂಸಿಲ್, ಚಳಿ ತಡೆಯಲಾರದೆ, ಮಗಳ ಮನೆಗೆಂದು ಅಲಬಾಮಾಕ್ಕೆ ಹೋದಳು. ಹೋದ ವಾರದಲ್ಲೇ ಫೋನ್ ಮಾಡಿ ಹೇಳಿದ ಸುದ್ದಿ ಕೇಳಿ ನಾರ್ಬರ್ಟ್ ಕೂತಲ್ಲಿಂದ ಎದ್ದುಬಿಟ್ಟ. ಆ ಊರಿನ ಟಿವಿ ಕೇಂದ್ರದವರು ಆರೂವರೆಯನ್ನು ಬೆಳಿಗ್ಗೆ ಒಂಬತ್ತೂವರೆಗೇ ಹಾಕುತ್ತಿದ್ದರು. ಅದೇ ಕಂತು, ಅವೇ ಸುಳಿವುಗಳು, ವಿಸ್ಕಾನ್ಸಿನ್‌ಗಿಂತ ಒಂಬತ್ತು ಗಂಟೆ ಮೊದಲು.

ಅಲ್ಲಿಂದ ನಾರ್ಬರ್ಟ್ ಪಂಡಿತನಾದ. ಲೂಸಿಲ್ ಹೇಳಿದ್ದನ್ನೆಲ್ಲ ಬೆಳಿಗ್ಗೆ ಬರೆದುಕೊಂಡು, ಮಧ್ಯಾಹ್ನ ಉರುಹೊಡೆದು, ಸಂಜೆ ಅದರಲ್ಲಿ ಏಳೆಂಟನ್ನು ಮಾತ್ರ ಹೇಳುತ್ತಿದ್ದ. ಎಲ್ಲವನ್ನೂ ಹೇಳಿದರೆ ಸಿಕ್ಕಿಬೀಳುತ್ತೇನೆ ಎಂಬಷ್ಟು ಬುದ್ಧಿ ಅವನಿಗಿತ್ತು. ನಡುನಡುವೆ ತಲೆ ಕೆರೆದುಕೊಂಡು 'ಇರಿ, ಬಾಯಲ್ಲೇ ಇದೆ' ಎನ್ನುವುದನ್ನೂ ಕಲಿತ. ಮೂರನೆಯ ವಾರ ಆರ್ಡಿಸ್ ತಾನಾಗಿಯೇ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕೋಟನ್ನು ಎತ್ತಿಕೊಂಡು, "ಅಲ್ಲೇನು ಬಚ್ಚಲು ಕಾಯ್ತೀರಾ, ಇಲ್ಲಿ ಬನ್ನಿ" ಎಂದಳು.

ಆ ಕುರ್ಚಿಯಲ್ಲಿ ಕೂತ ಸುಖವೆಷ್ಟೋ ಭಯವೂ ಅಷ್ಟೇ. ಗೊತ್ತಾದರೆ ಆಕೆ ತನ್ನ ಮುಖ ನೋಡುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಭಾನುವಾರದ ಊಟದ ಮಾತು ನಾಲಿಗೆಯ ತುದಿಗೆ ಬಂದು ವಾಪಸು ಹೋಗುತ್ತಿತ್ತು.

ಜೂನ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಎಂದಿನಂತೆ ಫೋನ್ ಮಾಡಿದ.

"ಅಕ್ಕ, ಇವತ್ತಿನ ಕೊನೇ ಸುಳಿವು ಏನು?"

"ಬಾವುಟದ್ದು ಕಣೋ. ದಕ್ಷಿಣ ಅಮೆರಿಕದಲ್ಲಿ ಯಾವುದೋ ದೇಶದ ಬಾವುಟಕ್ಕೆ ಮುಂದೊಂದು ಚಿತ್ರ, ಹಿಂದೊಂದು ಚಿತ್ರ ಅಂತೆ. ಉರುಗ್ವೆ. ಬರ್ಕೋ."

"ಸರಿಯಾಗಿ ಕೇಳಿಸ್ಕೊಂಡಿದೀಯ ತಾನೆ?"

"ಒಲೆ ಮೇಲೆ ಎಲ್ಲಾ ಬಿಟ್ಟು ನಿನಗೋಸ್ಕರ ಟಿವಿ ಮುಂದೆ ಕೂತಿದೀನಿ, ಇದು ಬೇರೆ ಕೇಳ್ತಾನೆ. ಆ ಹೆಂಗಸಿನ ಹತ್ರ ನೆಟ್ಟಗೆ ಬಾಯಿ ಬಿಡೋಕೆ ಇನ್ನೆಷ್ಟು ದಿನ ಬೇಕೋ ನಿನಗೆ?"

ನಾರ್ಬರ್ಟ್ ಉರುಗ್ವೆ ಎಂದು ಎರಡು ಸಲ ಬರೆದುಕೊಂಡ.

ಶುಕ್ರವಾರವೆಂದರೆ ರೋಲಿಯ ಬಾರಿನಲ್ಲಿ ಹುರಿದ ಮೀನು. ಜನ ಜಾಸ್ತಿ, ಬಾಣಲೆಯ ಎಣ್ಣೆಯ ಸದ್ದು ಜಾಸ್ತಿ, ಯಾರ ಮಾತೂ ಯಾರಿಗೂ ಪೂರ್ತಿ ಕೇಳುತ್ತಿರಲಿಲ್ಲ. ಹೊರಗೆ ಆಕಾಶ ಬಿರುಗಾಳಿಗೆ ಮುಂಚಿನ ಹಸಿರು ಬಣ್ಣಕ್ಕೆ ತಿರುಗಿತ್ತು, ಅದನ್ನು ಗಮನಿಸುವ ಪುರುಸೊತ್ತು ಒಳಗೆ ಯಾರಿಗೂ ಇರಲಿಲ್ಲ. ಕೊನೆಯ ಸುಳಿವಿನ ವಿಷಯ 'ಬಾವುಟಗಳು' ಎಂದು ಟಿವಿಯಲ್ಲಿ ಬಂತು, ಜಾಹೀರಾತು ಶುರುವಾಯಿತು. ಆರ್ಡಿಸ್ ತನ್ನ ತಟ್ಟೆಯಿಂದ ಒಂದು ತುಂಡು ಮೀನು ಎತ್ತಿ ನಾರ್ಬರ್ಟ್‌ನ ತಟ್ಟೆಗೆ ಹಾಕಿ, "ತಿನ್ನಿ, ನಿಮ್ಮದರಲ್ಲಿ ಬರೀ ಬಾಲ ಹಾಕಿದಾನೆ" ಎಂದಳು.

ಅಷ್ಟಕ್ಕೇ ನಾರ್ಬರ್ಟ್ ಕೆಟ್ಟ. ಟಿವಿಗೆ ಬೆನ್ನು ಮಾಡಿ ಆಕೆಯ ಮುಖವನ್ನೇ ನೋಡುತ್ತ ಕೂತ. ಜಾಹೀರಾತು ಮುಗಿದು ಯಾವುದೋ ಗಂಡಸಿನ ಗಂಭೀರವಾದ ದನಿ ಏನೋ ಓದಿತು. ನಿರೂಪಕನೇ ಇರಬೇಕೆಂದುಕೊಂಡ. ದನಿ ಒಂದು ಕಡೆ ನಿಂತದ್ದೇ ಎದೆಯುಬ್ಬಿಸಿ, ಇಡೀ ಬಾರಿಗೆ ಕೇಳುವ ಹಾಗೆ ಹೇಳಿದ:

"ಉರುಗ್ವೆ ಅಂದ್ರೇನು?"

"ಉರುಗ್ವೆ ಅಲ್ಲ ರೀ, ಪರಾಗ್ವೆ" ಎಂದಳು ಆರ್ಡಿಸ್, ಚೆರ್ರಿಯಿಂದ ಕಣ್ಣೆತ್ತದೆ.

ರೋಲಿ ಗೆದ್ದವನಂತೆ ಮೇಜು ತಟ್ಟಿದ. "ಸಿಕ್ಕಿಬಿದ್ರಿ ಆರ್ಡಿಸಮ್ಮ. ಪ್ರಶ್ನೆ ಮಾಡಿ ಹೇಳ್ಲಿಲ್ಲ ನೀವು. ಎಷ್ಟು ವರ್ಷದಿಂದ ಕಾಯ್ತಾ ಇದ್ದೆ ನಾನು ಇದಕ್ಕೆ." ಆಮೇಲೆ ಟಿವಿಯ ಕಡೆ ತಿರುಗಿದವನು ತಿರುಗಿದ ಹಾಗೇ ನಿಂತ. ತೆರೆಯ ಮೇಲೆ ನಿರೂಪಕನಿರಲಿಲ್ಲ. ಹವಾಮಾನದವನು ಕೆಂಪು ನಕ್ಷೆಯ ಮುಂದೆ ನಿಂತು ಸುಂಟರಗಾಳಿಯ ಎಚ್ಚರಿಕೆ ಓದುತ್ತಿದ್ದ.

"ಅಲ್ಲ," ಎಂದ ರೋಲಿ, "ಸುಳಿವೇ ಬಂದಿಲ್ವಲ್ಲ?"

ಬಾರಿನಲ್ಲಿ ಎಣ್ಣೆಯ ಸದ್ದೊಂದೇ ಉಳಿಯಿತು. ಎಲ್ಲರೂ ಇವರಿಬ್ಬರನ್ನು ನೋಡುತ್ತಿದ್ದರು, ಇವರಿಬ್ಬರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಆಗ ಊರಿನ ಸೈರನ್ ಕೂಗಿಕೊಂಡಿತು. ಸುಂಟರಗಾಳಿಗೆ ಯಾರಾದರೂ ಮನಸಾರೆ ಕೃತಜ್ಞರಾಗಿದ್ದರೆ ಅದು ಆ ಸಂಜೆ, ಆ ಇಬ್ಬರೇ.

ರೋಲಿ ಎಲ್ಲರನ್ನೂ ನೆಲಮಾಳಿಗೆಗೆ ಇಳಿಸಿದ. ಜನ ತಟ್ಟೆ ಲೋಟ ಹಿಡಿದುಕೊಂಡೇ ಇಳಿದು ಗೋಡೆಗೊರಗಿ ಕೂತರು. ನಾರ್ಬರ್ಟ್ ಮತ್ತು ಆರ್ಡಿಸ್‌ಗೆ ದೂರದ ಮೂಲೆಯಲ್ಲಿ ಎರಡು ಬಿಯರ್ ಪೆಟ್ಟಿಗೆ ಸಿಕ್ಕವು.

"ನಮ್ಮಕ್ಕ ಅಲಬಾಮಾದಲ್ಲಿದಾಳೆ" ಎಂದ ನಾರ್ಬರ್ಟ್, ನೆಲ ನೋಡುತ್ತ. "ಅಲ್ಲಿ ಬೆಳಿಗ್ಗೇನೇ ಬರುತ್ತೆ."

"ಅವರಿಗೆ ಕಿವಿ ಸ್ವಲ್ಪ ಮಂದ ಅನ್ಸುತ್ತೆ."

"ಹೌದು. ನಿಮಗೆ ಯಾರು ಹೇಳಿದ್ದು?"

"ಚರ್ಚೆ ಪುಟ. ಅಂಥ ಊರಿನವರು ಮಧ್ಯಾಹ್ನದೊಳಗೇ ಎಲ್ಲಾ ಸುಳಿವೂ ಹಾಕಿಬಿಡ್ತಾರೆ. ನಾನು ರಾತ್ರಿ ಓದ್ತೀನಿ ಅಂತ ನೀವೆಲ್ಲ ಅಂದ್ಕೊಂಡಿದೀರಿ."

"ಯಾವಾಗಿಂದ?"

"ಮೂರು ವರ್ಷ ಆಯ್ತು." ಆಕೆ ಲೋಟವನ್ನು ನೆಲದ ಮೇಲಿಟ್ಟಳು. "ಒಂದಿನ ನೆಬ್ರಾಸ್ಕಾದ ರಾಜಧಾನಿ ನೆನಪಿಗೆ ಬರ್ಲಿಲ್ಲ. ಎಲ್ಲಾರೂ ನನ್ನ ಬಾಯಿ ನೋಡ್ತಾ ಕೂತಿದ್ರು. ಮನೆಗೆ ಹೋಗಿ ಅತ್ತುಬಿಟ್ಟೆ, ನಾರ್ಬರ್ಟ್. ಅದೊಂದೇ ಇತ್ತು ನನ್ನ ಹತ್ರ, ನಾಲ್ಕು ಜನಕ್ಕಿಂತ ಜಾಸ್ತಿ ಗೊತ್ತು ಅನ್ನೋದು."

"ಆಮೇಲೆ ನೆನಪಾಯ್ತಾ?"

"ಹಲ್ಲುಜ್ಜೋವಾಗ. ಲಿಂಕನ್."

ನಾರ್ಬರ್ಟ್‌ಗೆ ನಗು ಬಂತು. "ನನಗಂತೂ ಯಾವತ್ತೂ ಏನೂ ಗೊತ್ತಿರ್ಲಿಲ್ಲ. ನಿಮ್ಮ ಪಕ್ಕ ಕೂರೋಕೆ ಇಷ್ಟೆಲ್ಲಾ ಮಾಡ್ದೆ."

"ಆ ಕುರ್ಚಿ ಮೇಲೆ ಎರಡು ವರ್ಷ ನನ್ನ ಕೋಟು ಇತ್ತು. ತೆಗೀರಿ ಅನ್ನೋಕೆ ಪಾಂಡಿತ್ಯ ಬೇಕಿತ್ತೇನ್ರೀ?"

ಮೇಲೆ ಗಾಳಿ ಒಂದು ಸಲ ಬಾಗಿಲನ್ನು ಗುದ್ದಿ ಮುಂದೆ ಹೋಯಿತು. ಯಾರೋ ಮೀನು ತಣ್ಣಗಾಯಿತೆಂದು ಬೈದುಕೊಂಡರು. ಸೈರನ್ ನಿಂತಿತು, ರೋಲಿ ಮೆಟ್ಟಿಲ ಕಡೆ ಹೊರಟ. ಮೇಲೆ ಹೋದರೆ ಬಾರಿನವರೆಲ್ಲ ಸೇರಿ ಇವರ ಚರ್ಮ ಸುಲಿಯುವುದು ಖಂಡಿತವಿತ್ತು. ನಾರ್ಬರ್ಟ್‌ಗೆ ಭಯವಿತ್ತು, ಆದರೆ ಅದು ಅವರದ್ದಲ್ಲ.

"ಭಾನುವಾರ ನಮ್ಮನೆಗೆ ಊಟಕ್ಕೆ ಬರ್ತೀರಾ?" ಎಂದುಬಿಟ್ಟ.

ಆರ್ಡಿಸ್ ಎದ್ದು, ಹಿಂದೆ ಅಂಟಿದ್ದ ಧೂಳು ಕೊಡವಿಕೊಂಡು, ಖಾಲಿ ಲೋಟ ಎತ್ತಿಕೊಂಡಳು. ಈ ಉತ್ತರವನ್ನು ನಾರ್ಬರ್ಟ್‌ಗೆ ಯಾರೂ ಫೋನಿನಲ್ಲಿ ಹೇಳಿರಲಿಲ್ಲ.

"ಎಷ್ಟೊತ್ತಿಗೆ ಬರ್ಲಿ?" ಎಂದಳು ಆಕೆ.

ನಾರ್ಬರ್ಟ್ ಅಷ್ಟು ದೂರ ಯೋಚಿಸಿರಲಿಲ್ಲ.